ಹಿಂದೆ ಬಿದ್ದ ಮಾತು

ತಿಪಟೂರಿನ ಬಸವಕುಮಾರ ತನ್ನ ಸ್ಟುಡಿಯೋದ ಷಟರನ್ನು ಅರ್ಧ ಎತ್ತಿದ್ದನಷ್ಟೆ, ದಂಡಿನಶಿವರದ ಮೀನಾಕ್ಷಮ್ಮನವರ ಫೋನು ಬಂತು.

"ಏನಪ್ಪಾ, ನನ್ನ ಬಾಯೊಳಗೆ ಗಂಡಸಿನ ಗಂಟಲು ತುರುಕಿದ್ದೀಯಲ್ಲ, ಎಷ್ಟು ಧೈರ್ಯ ನಿಂಗೆ?"

ಅವರ ಮಗ ಸಿದ್ದಾರ್ಥನಿಗೂ ಹಾಲ್ಕುರಿಕೆಯ ವರ್ಷಿಣಿಗೂ ಹೋದ ತಿಂಗಳು ಮದುವೆಯಾಗಿತ್ತು. ವಿಡಿಯೋ ತೆಗೆದವನು ಬಸವಕುಮಾರ. ಪೆನ್‌ಡ್ರೈವಿನಲ್ಲಿ ಕೊಡುತ್ತೇನೆಂದರೆ ವರ್ಷಿಣಿಯ ತಾತ ರೇವಣಸಿದ್ದಯ್ಯನವರು ಕೇಳಲಿಲ್ಲ. ಮನೆಯ ಡಿವಿಡಿ ಪ್ಲೇಯರು ಇನ್ನೂ ಕಲ್ಲುಗುಂಡಿನ ಹಾಗಿದೆ, ಡಿವಿಡಿಯೇ ಬೇಕು ಎಂದರು. ಎರಡೂ ಮನೆಗೆ ಒಂದೊಂದು ಮಾಡಿ ಕಳಿಸಿದ. ಕಳಿಸುವ ಮುಂಚೆ ಕೊನೆತನಕ ನೋಡಲಿಲ್ಲ. ಎಡವಟ್ಟಾಗಿದ್ದು ಅಲ್ಲೇ.

ಈಗ ಫೋನು ಕಿವಿಗಿಟ್ಟುಕೊಂಡೇ ಹಾಕಿ ನೋಡಿದರೆ, ಚಿತ್ರ ಮುಂದೆ ಓಡುತ್ತಿತ್ತು, ಶಬ್ದ ಕುಂಟುತ್ತಾ ಹಿಂದೆ ಬರುತ್ತಿತ್ತು. ನೆಂಟರೆಲ್ಲ ಕ್ಯಾಮರಾ ಮುಂದೆ ಎರಡೆರಡು ಮಾತಾಡುವ ಕಡೆಗೆ ಬರುವಷ್ಟರಲ್ಲಿ ಒಬ್ಬರ ಮಾತು ಇನ್ನೊಬ್ಬರ ತುಟಿಗೆ ಬಂದು ಕೂತಿತ್ತು. ಮದುವೆ ಗಂಡು ಸುಮ್ಮನೆ ಬಾಯಾಡಿಸಿ ಹೋದ. ಆಮೇಲೆ ರೇವಣಸಿದ್ದಯ್ಯನವರ ಮುಖ ಬಂತು. "ಇವಳು ಸಿಕ್ಕಿದ್ದು ನನ್ನ ಪುಣ್ಯ. ಇವಳ ಕಣ್ಣಲ್ಲಿ ಒಂದು ಹನಿ ನೀರು ಬರದ ಹಾಗೆ ನೋಡ್ಕೋತೀನಿ" ಎಂದು ಮದುವೆ ಗಂಡಿನ ಎಳೇ ದನಿಯಲ್ಲಿ ಹೇಳಿತು ಆ ಮುಖ. ಪಕ್ಕದಲ್ಲಿ ಅವರ ಹೆಂಡತಿ ಕಲ್ಲಮ್ಮ ನಿಂತಿದ್ದರು! ಅದಾದ ಮೇಲೆ ಬೀಗಿತ್ತಿ ಮೀನಾಕ್ಷಮ್ಮನವರು ರೇಷ್ಮೆ ಸೀರೆಯಲ್ಲಿ ಕೈಮುಗಿದು, ಮುದುಕರ ಒರಟು ದನಿಯಲ್ಲಿ, "ಪಾಯಸಕ್ಕೆ ಬೆಲ್ಲ ಕಮ್ಮಿ ಕಣ್ಲಾ" ಎಂದರು.

"ಊರೋರೆಲ್ಲ ನಗ್ತಾವ್ರೆ" ಎಂದರು ಮೀನಾಕ್ಷಮ್ಮನವರು ಫೋನಿನಲ್ಲಿ. "ನಾನು ಹಾಲ್ಕುರಿಕೆಗೇ ಹೊಂಟಿದ್ದೀನಿ. ಸಂಜೆಯೊಳಗೆ ಸರಿಯಾಗಿರೋ ಡಿವಿಡಿ ತಗಂಡು ಬಾ. ಎಲ್ಲರ ಎದುರಿಗೇ ಹಾಕ್ಬೇಕು. ಆ ಪಾಯಸದ ಮಾತು ಯಾರ್ದು ಅಂತ ಗೊತ್ತಾಗ್ಬೇಕು."

ಬಸವಕುಮಾರ ಕಂಪ್ಯೂಟರಿಗೆ ಜೋತುಬಿದ್ದ. ಪಕ್ಕದ ಮೊಬೈಲ್ ಅಂಗಡಿಯ ಸೂರ್ಯಪ್ರಕಾಶ ಕರೆಯದೆಯೇ ಬಂದು ಕುರ್ಚಿ ಎಳೆದುಕೊಂಡ.

"ಶಬ್ದ ಉದ್ದ ಆಗೈತೆ ತಾನೆ? ಹಿಡಿದು ಗಿಡ್ಡ ಮಾಡು ಕಣ್ಲಾ."

ಗಿಡ್ಡ ಮಾಡಿದರೆ ಪುರೋಹಿತರಿಂದ ಹಿಡಿದು ವಾಲಗದವರ ತನಕ ಎಲ್ಲ ಗಿಳಿಮರಿಗಳಾದರು.

"ಹಂಗಾದ್ರೆ ಚಿತ್ರಾನೇ ಎಳಿ" ಎಂದಳು ಎದುರಿನ ಹೂವಿನಂಗಡಿ ಹೊಂಬಾಳಮ್ಮ, ಮಾಲೆ ಕಟ್ಟುತ್ತಲೇ ಒಳಗೆ ಬಂದು. ಎಳೆದರೆ ಮದುವೆ ಹೆಣ್ಣು ಸೊಂಟ ಹಿಡಿದುಕೊಂಡ ಮುದುಕಿಯಂತೆ ಹಸೆಮಣೆಗೆ ನಡೆದಳು. "ಅಯ್ಯೋ, ಬುಡು ಬುಡು" ಎಂದು ಹೊಂಬಾಳಮ್ಮನೇ ಕಣ್ಣು ಮುಚ್ಚಿಕೊಂಡಳು.

ಮಧ್ಯಾಹ್ನದ ಊಟ ತಪ್ಪಿದ ಮೇಲೆ ಕಾರಣ ಸಿಕ್ಕಿತು. ಅಲ್ಲಲ್ಲಿ ಸೇರಿಸಿದ್ದ ನೆಂಟರ ಫೋನಿನ ತುಣುಕುಗಳು ಒಂದೊಂದೂ ಒಂದೊಂದು ವೇಗದಲ್ಲಿದ್ದವು. ಮೊದಲು ಎಲ್ಲವನ್ನೂ ಒಂದೇ ವೇಗಕ್ಕೆ ತಂದು, ಆಮೇಲೆ ಶಬ್ದ ಕೂರಿಸಿ ಡಿವಿಡಿ ಮಾಡಿದ. ಈಗ ತುಟಿಗೂ ಮಾತಿಗೂ ಕೂದಲೆಳೆಯ ಅಂತರವಿರಲಿಲ್ಲ. ಕೆಟ್ಟಿದ್ದ ಫೈಲನ್ನು ಹಲ್ಲು ಕಡಿಯುತ್ತಾ ಅಳಿಸಿ, ಬೈಕು ಹತ್ತಿದ.

ಹಾಲ್ಕುರಿಕೆಯ ತೋಟದ ಗೇಟಿನಲ್ಲೇ ರೇವಣಸಿದ್ದಯ್ಯನವರು ಅಡ್ಡ ನಿಂತಿದ್ದರು. ಎಂದೂ ಯಾರನ್ನೂ ಏನನ್ನೂ ಬೇಡದ ಮನುಷ್ಯ, ಅವನ ಕೈ ಹಿಡಿದುಕೊಂಡರು.

"ಸರಿ ಮಾಡ್ಬುಟ್ಯಾ?"

"ಮಾಡ್ದೆ ಯಜಮಾನ್ರೇ. ಪಾಯಸದ ಮಾತು ನಿಮ್ದೇ."

"ನಂದೇ ಕಣಪ್ಪ, ಗೊತ್ತು." ಅವರು ಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಆ ಪುಣ್ಯದ ಮಾತು ನಾನೇ ಆಡಿದ್ದು ಅಂದ್ಕೊಂಡವಳೆ ನಮ್ಮೋಳು. ಕಿವಿ ಸ್ವಲ್ಪ ಮಂದ. ದಿನಾ ಮಧ್ಯಾಹ್ನ ಹಾಕ್ಕೊಂಡು ನೋಡ್ತಾಳೆ. ಇಷ್ಟು ವರ್ಷ ಸಂಸಾರ ಮಾಡ್ದೆ, ಅಂಥದೊಂದು ಮಾತು ನನ್ನ ಬಾಯಿಂದ ಬರ್ಲಿಲ್ಲ. ಈಗ ಬಂದೈತೆ ಅಂದ್ಕೊಂಡವಳೆ. ಕಿತ್ಕೋಬ್ಯಾಡ ಕಣಪ್ಪ."

ಬಸವಕುಮಾರ ಡಿವಿಡಿಯನ್ನು ಬ್ಯಾಗಿನ ತಳಕ್ಕೆ ತಳ್ಳಿದ.

ಪಡಸಾಲೆಯಲ್ಲಿ ಮೀನಾಕ್ಷಮ್ಮನವರು ಟಿವಿ ಎದುರಿಗೆ ಕೂತಿದ್ದರು. ಅಕ್ಕಪಕ್ಕದ ಮನೆಯವರೂ ಸೇರಿದ್ದರು.

"ಡಿವಿಡಿ ಕೆಟ್ಟೋಯ್ತು ಕಣಮ್ಮ" ಎಂದ ಬಸವಕುಮಾರ.

"ಹಂಗಾದ್ರೆ ಬಾಯಲ್ಲೇ ಹೇಳು. ಪಾಯಸದ ಮಾತು ಯಾರ್ದು?"

ರೇವಣಸಿದ್ದಯ್ಯನವರು ಮೇಲೆ ತಿರುಗುತ್ತಿದ್ದ ಫ್ಯಾನನ್ನು ಹೊಸದಾಗಿ ಕಂಡವರಂತೆ ನೋಡತೊಡಗಿದರು.

"ನಂದೇ ಕಣಮ್ಮ" ಎಂದ ಬಸವಕುಮಾರ. "ಕ್ಯಾಮರಾ ಹಿಂದೆ ನಿಂತ್ಕೊಂಡು ಅಂದಿದ್ದು. ಅವತ್ತು ಗಂಟಲು ಕಟ್ಟಿತ್ತು, ಅದಕ್ಕೇ ಆ ದನಿ. ನಿಮ್ದರಲ್ಲಿ ಆ ಮಾತು ಕತ್ತರಿಸಿ ಬೇರೆ ಕೊಡ್ತೀನಿ."

ಮೀನಾಕ್ಷಮ್ಮನವರ ಮುಖ ಅರಳಿತು. ಕಲ್ಲಮ್ಮ ಎದ್ದು ನಿಂತರು. "ನಾನೇ ನಿಂತು ಮಾಡಿಸಿದ ಪಾಯಸ ಕಣೋ! ಉಂಡ ಮನೆಗೆ ಹೆಸರಿಡ್ತೀಯಾ? ಬಾ ಇಲ್ಲಿ" ಎಂದು ಅಡುಗೆಮನೆಗೆ ಎಳೆದುಕೊಂಡೇ ಹೋದರು. ಹಿಂದಿನಿಂದ ಮೀನಾಕ್ಷಮ್ಮನವರ ದನಿ ಕೇಳಿತು: "ನಮ್ಮ ಎರಡನೇ ಮಗನ ಮದುವೆಗೆ ಬೇರೆಯವರನ್ನೇ ಕರಿಯೋದು!"

ಒಳಗೆ ಕಲ್ಲಮ್ಮ ಬಾಗಿಲು ಮುಂದಕ್ಕೆ ತಳ್ಳಿ, ಅವನ ಮುಂದೆ ತಟ್ಟೆಯಿಟ್ಟು ಬಿಸಿ ರೊಟ್ಟಿ ಹಾಕಿದರು. ಮುಖದಲ್ಲಿ ಸಿಟ್ಟೇ ಇರಲಿಲ್ಲ.

"ಉಣ್ಣಪ್ಪ, ಮುಖ ಬಾಡೋಗೈತೆ. ನಮ್ಮ ಯಜಮಾನರ ದನಿ ನಂಗೆ ಗೊತ್ತಾಗಲ್ವಾ? ಪಾಯಸದ ಮಾತು ಅವರ್ದು. ಪುಣ್ಯದ ಮಾತು ಆ ಹುಡುಗಂದು."

ಬಸವಕುಮಾರನ ಕೈ ತಟ್ಟೆಯಲ್ಲೇ ನಿಂತಿತು. "ಅಜ್ಜೀ, ನಿಮ್ಗೆ ಕಿವಿ..."

"ಮಂದ ಅಂತ ಅವರು ಅಂದ್ಕೊಂಡವ್ರೆ. ನಾನೂ ಹ್ಞೂಂ ಅಂದಿದ್ದೀನಿ." ಕಲ್ಲಮ್ಮ ನಕ್ಕರು. "ಆ ಮಾತು ಕೇಳಿದಾಗಿಂದ ನೋಡು, ಬೆಳಗ್ಗೆ ನಂಗಿಂತ ಮುಂಚೆ ಎದ್ದು ಕಾಫಿ ಕಾಯಿಸ್ತಾರೆ. ಮಂಡಿಗೆ ಎಣ್ಣೆ ಹಚ್ತಾರೆ. ಆಡದೇ ಇರೋ ಮಾತನ್ನ ಉಳಿಸ್ಕೊಳ್ಳೋಕೆ ಪಾಪ ಎಷ್ಟು ಒದ್ದಾಡ್ತಾರೆ ಗೊತ್ತಾ? ಅವರಿಗೆ ಹೇಳ್ಬ್ಯಾಡ ಮತ್ತೆ."

"ಇಲ್ಲ ಅಜ್ಜಿ."

"ಇನ್ನೊಂದು ಮಾತು. ದಿನಾ ಹಾಕಿ ಹಾಕಿ ನಮ್ಮ ಡಿವಿಡಿ ಅಲ್ಲಲ್ಲಿ ನಿಂತ್ಕೊಳ್ತೈತೆ. ಹಂಗೇ ಕೆಟ್ಟೋಗಿರೋದು ಇನ್ನೊಂದು ಮಾಡ್ಕೊಡು. ಒಂಚೂರೂ ಸರಿ ಮಾಡ್ಬ್ಯಾಡ."

ಕತ್ತಲಾಗುವ ಹೊತ್ತಿಗೆ ತಿಪಟೂರು ಮುಟ್ಟಿದ ಬಸವಕುಮಾರ ಸ್ಟುಡಿಯೋ ಷಟರನ್ನು ಮತ್ತೆ ಎತ್ತಿದ. ಅಂಗಡಿ ಮುಚ್ಚುತ್ತಿದ್ದ ಸೂರ್ಯಪ್ರಕಾಶ ಕೂಗಿ ಕೇಳಿದ, "ಏನ್ಲಾ, ಸರಿಹೋಯ್ತಾ?"

"ಸರಿಹೋಗಿರೋದೇ ತೊಂದರೆ ಕಣ್ಲಾ" ಎಂದು ಬಸವಕುಮಾರ ಕುರ್ಚಿ ಎಳೆದುಕೊಂಡ. "ಬಾ, ಕೂತ್ಕೋ. ಇದನ್ನ ಹೆಂಗೆ ಕೆಡಿಸೋದು ಹೇಳು."