ಹತ್ತು ತೋಳಿಗೊಂದು ಸೀಸೆ

ಎಲ್ಲರೂ ಮಾಸ್ಕನ್ನು ಬೈಯುತ್ತಿದ್ದ ಕಾಲದಲ್ಲಿ ನಾನು ಒಳಗೊಳಗೇ ಅದಕ್ಕೆ ಕೃತಜ್ಞಳಾಗಿದ್ದೆ. ಉಸಿರು ಕಟ್ಟುತ್ತದೆ, ಕನ್ನಡಕ ಮಸುಕಾಗುತ್ತದೆ, ಕಿವಿಯ ಹಿಂದೆ ಉರಿಯುತ್ತದೆ, ಎಲ್ಲ ನಿಜ. ಆದರೆ ಅರ್ಧ ಮುಖ ಮುಚ್ಚಿಕೊಂಡು ರಾಯಚೂರಿನ ತರಕಾರಿ ಮಾರುಕಟ್ಟೆಗೆ ಹೋಗಿ, ಪರಿಚಯದವರ ಪಕ್ಕದಲ್ಲೇ ನಿಂತು, 'ಮದುವಿ ಊಟ ಯಾವಾಗ ಹಾಕಸ್ತಿ?' ಎಂಬ ಪ್ರಶ್ನೆಗೆ ಸಿಕ್ಕಿಬೀಳದೆ ಹೀರೇಕಾಯಿ ತೂಗಿಸಿಕೊಂಡು ಬರುವ ಸುಖ ಅನುಭವಿಸಿದವರಿಗೇ ಗೊತ್ತು. ಪ್ರಶ್ನೆಗಳಿಗೆ ಉತ್ತರಿಸುವುದು ನನಗೆ ಮೊದಲಿನಿಂದಲೂ ಕಷ್ಟ. ಉತ್ತರ ಗೊತ್ತಿಲ್ಲವೆಂದಲ್ಲ. ಉತ್ತರ ಸರಿಯಾಗಿರಬೇಕು, ಕೇಳಿದವರಿಗೆ ಅದು ನಿಜಕ್ಕೂ ಬೇಕಾಗಿರಬೇಕು. ಇವೆರಡೂ ಕೂಡಿಬರುವುದು ಅಪರೂಪ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಆಗ ಪಾಠವೂ ಮೊಬೈಲಿನಲ್ಲೇ ಇತ್ತು. ಎದುರಿಗೆ ಒಂದಿಷ್ಟು ಕಪ್ಪು ಚೌಕಗಳು, ಎಲ್ಲರ ಮೈಕೂ ಬಂದ್. ಜಗತ್ತು ನನ್ನ ಸ್ವಭಾವಕ್ಕೆ ತಕ್ಕಂತೆ ಬದಲಾಗಿದೆ ಎಂದು ಅನ್ನಿಸುತ್ತಿತ್ತು. ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಹೇಳುವ ಹಾಗೂ ಇರಲಿಲ್ಲ.

ಈ ಸುಖಕ್ಕೆ ಕಲ್ಲು ಹಾಕಿದವನು ನನ್ನ ಅಕ್ಕನ ಮಗ. ಅಕ್ಕ ಹೆರಿಗೆಗೆಂದು ಮಾನ್ವಿಯ ನಮ್ಮ ಮನೆಗೆ ಬಂದಿದ್ದಳು. ಗಂಡು ಕೂಸು ಹುಟ್ಟಿತು. ತೊಟ್ಟಿಲಿಗೂ ಹಾಕಿದರು. ಅದೆಲ್ಲವನ್ನೂ ನಾನು ರಾಯಚೂರಿನ ಬಾಡಿಗೆ ಕೋಣೆಯಲ್ಲಿ ಕೂತು ವಿಡಿಯೋ ಕಾಲಿನಲ್ಲಿ ನೋಡಿದೆ. ಮೊಬೈಲು ಹಿಡಿಯುವ ಕೆಲಸ ಅಪ್ಪನದು. ಹತ್ತಿರ ಹಿಡಿದಷ್ಟೂ ಚೆನ್ನಾಗಿ ಕಾಣುತ್ತದೆ ಎಂದು ಅವನ ನಂಬಿಕೆ. ಹೀಗಾಗಿ ಆ ಕೂಸಿನ ಎಡಗಡೆಯ ಮೂಗಿನ ಹೊಳ್ಳೆಯನ್ನು ನಾನು ಬಹಳ ಚೆನ್ನಾಗಿ ಬಲ್ಲೆ. ಉಳಿದ ಕೂಸಿನ ಪರಿಚಯವಿರಲಿಲ್ಲ. ಮನೆಗೆ ಬರುತ್ತೇನೆ ಅಂದರೆ ಅವ್ವ ಬಿಡಲಿಲ್ಲ. "ಶಹರದಾಗ ಮಂದ್ಯಾಗ ಅಡ್ಡಾಡಾಕಿ ನೀ. ಸೂಜಿ ಮಾಡಿಸ್ಕೊಂಡು ಬಾ, ಕೂಸಿನ್ನ ಕೈಯಾಗ ಕೊಡ್ತೀನಿ. ಇಲ್ಲಂದ್ರ ಕಿಡಕ್ಯಾಗ ನಿಂತು ನೋಡಿ ಹೋಗು," ಅಂದಳು. ಅಕ್ಕ ಮುಂದಿನ ವಾರ ಗಂಡನ ಮನೆಗೆ ಹುಬ್ಬಳ್ಳಿಗೆ ಹೊರಡುವವಳಿದ್ದಳು. ಅಲ್ಲಿಗೆ ಹೋದ ಮೇಲೆ ಆ ಕೂಸು ಹಲ್ಲು ಬಂದು, ನಡೆದಾಡಿ, ನನ್ನನ್ನು ನೋಡಿ 'ಇವರ್ಯಾರು?' ಎಂದು ಕೇಳುವ ತನಕ ಸಿಗುವಂತಿರಲಿಲ್ಲ.

ರಾಯಚೂರಿನಲ್ಲಿ ಆಗ ಲಸಿಕೆ ಸಿಗುವುದು ಸುಲಭವಿರಲಿಲ್ಲ. ಮೊಬೈಲಿನಲ್ಲಿ ಸ್ಲಾಟ್ ಕಾಣಿಸುತ್ತಿತ್ತು. ನಾನು ಎರಡೆರಡು ಸಲ ಸರಿನೋಡಿ ಓಟಿಪಿ ಬರೆಯುವಷ್ಟರಲ್ಲಿ ಇಡೀ ರಾಯಚೂರು ಲಸಿಕೆ ಹಾಕಿಸಿಕೊಂಡು ಮನೆಗೆ ಹೋಗಿರುತ್ತಿತ್ತು. ಹೀಗಿರುವಾಗ ಒಂದು ದಿನ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಹೆಸರಿನ ಮುಂದೆ ಎಲ್ಲ ಸ್ಲಾಟುಗಳೂ ಹಸಿರಾಗಿ ನಿಂತಿದ್ದವು. ಆ ಹಳ್ಳಿಯ ಹೆಸರು ಹೇಳುವುದಿಲ್ಲ, ಅಲ್ಲಿ ನನ್ನನ್ನು ಈಗಲೂ ಗುರುತು ಹಿಡಿಯುವವರಿದ್ದಾರೆ. ಬೇಡಿಕೆ ಇಲ್ಲದ ಕಡೆ ಸರಕು ಉಳಿಯುತ್ತದೆ ಎಂದು ವರ್ಷಕ್ಕೊಮ್ಮೆ ಪಾಠ ಮಾಡುವ ನನಗೆ ಅದರ ಅರ್ಥ ಹೊಳೆಯಲಿಲ್ಲ. ಲಸಿಕೆ ಹಾಕಿಸಿಕೊಂಡು, ಅಲ್ಲಿಂದಲೇ ಸಿರವಾರದ ಮೂಲಕ ಮಾನ್ವಿಗೆ ಹೋಗುವುದೆಂದು ಲೆಕ್ಕ ಹಾಕಿ, ಬಟ್ಟೆಯ ಚೀಲವನ್ನೂ ಕಟ್ಟಿಕೊಂಡು ಬಸ್ಸು ಹತ್ತಿದೆ.

ಆರೋಗ್ಯ ಉಪಕೇಂದ್ರದ ಒಳಗೆ ಸಿಸ್ಟರ್ ಒಬ್ಬರೇ ಐಸಿನ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ಸಂತೋಷಪಟ್ಟರು. ಆಧಾರ್ ನೋಡಿದರು. ಮತ್ತೆ ಸುಮ್ಮನೆ ಕೂತರು.

"ಹಾಕ್ರಿ ಸಿಸ್ಟರ್," ಅಂದೆ.

"ಸೀಸೆ ಒಡದ್ರ ಹತ್ತು ಮಂದಿಗೆ ಹಾಕಬೇಕ್ರಿ ಮೇಡಂ. ನಿಮಗೊಬ್ಬರಿಗೆ ಹಾಕಿ ಒಂಬತ್ತು ಮಂದೀದು ಚೆಲ್ಲಲ್ಯಾ?"

"ಉಳಿದವ್ರು ಯಾವಾಗ ಬರ್ತಾರ್ರಿ?"

"ಅದನ್ನ ಅವ್ರನ್ನೇ ಕೇಳ್ರಿ. ನನ್ನ ನೋಡಿದ್ರ ಬಾಗ್ಲಾ ಹಾಕ್ಕೋತಾರ." ಎದುರಿನ ಬೇವಿನ ಮರದ ಕಟ್ಟೆಯತ್ತ ಅವರು ಗಲ್ಲ ಎತ್ತಿ ತೋರಿಸಿದರು. ಹತ್ತು ಹನ್ನೆರಡು ಹೆಂಗಸರು ಅಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದರು.

ಅಪರಿಚಿತರನ್ನು ನಾನಾಗಿ ಮಾತಾಡಿಸಿದ್ದು ನನಗೆ ನೆನಪಿಲ್ಲ. ಬಸ್ಸು ತಪ್ಪಿದರೂ ಇನ್ನೊಬ್ಬರನ್ನು ಕೇಳದೆ ಬೋರ್ಡು ಹುಡುಕುವವಳು ನಾನು. ಆದರೂ ಹೋದೆ. ನಡುವೆ ಕೂತಿದ್ದ ಹಿರಿಯ ಹೆಂಗಸು, ಹುಲಿಗೆಮ್ಮ ಎಂದು ಆಮೇಲೆ ತಿಳಿಯಿತು, ನನ್ನನ್ನು ಚಪ್ಪಲಿಯಿಂದ ಕನ್ನಡಕದವರೆಗೆ ನೋಡಿ ಮುಗಿಸಿದಳು. "ರಾಯಚೂರಿಂದ ಬಂದೀಯಾ? ಅಲ್ಲಿ ಸೂಜಿ ಇಲ್ಲೇನು? ಇಲ್ಲಾ, ಅಲ್ಲಿ ಮಂದಿ ಒಲ್ಲೆ ಅಂದಿದ್ದನ್ನ ಇಲ್ಲಿ ತಂದಾರೇನು?"

"ಅಲ್ಲಿ ಸಿಗವಲ್ದು ಯವ್ವಾ. ನೀವು ಬಂದ್ರ ಎಲ್ಲರಿಗೂ ಹಾಕ್ತಾರ."

"ಹಂಗಾದ್ರ ಮೊದಲ ನೀ ಮಾಡಿಸ್ಕೋ. ನೀ ನೆಟ್ಟಗಿದ್ರ ನಾವು ನೋಡ್ತೀವಿ."

ತಿರುಗಿ ಸಿಸ್ಟರ್ ಬಳಿ ಹೋದೆ. ಹತ್ತು ಮಂದಿ ಕೂಡಿದರೆ ಮೊದಲ ಸೂಜಿ ನನಗೇ ಅಂದರು. ಕಟ್ಟೆಗೆ ಬಂದೆ. ಅಲ್ಲಿಯವರು ನನ್ನ ಸೂಜಿ ಆದಮೇಲೆ ಕೂಡುತ್ತೇವೆ ಅಂದರು. ಬಿಸಿಲಿನಲ್ಲಿ ಹೀಗೆ ಆ ಕಡೆಗೂ ಈ ಕಡೆಗೂ ತಿರುಗಿ, ಎರಡೂ ಪಕ್ಷದವರು ಹೇಳುವುದರಲ್ಲಿ ತಪ್ಪಿಲ್ಲವೆಂದು ನನಗೇ ಮನವರಿಕೆಯಾಗತೊಡಗಿತು. ಪರೀಕ್ಷೆಯಲ್ಲಾಗಿದ್ದರೆ ಇಂಥ ಸ್ಥಿತಿಯನ್ನು ಚಿತ್ರ ಸಮೇತ ವಿವರಿಸಿ ಪೂರ್ತಿ ಅಂಕ ಪಡೆಯುತ್ತಿದ್ದೆ. ಇಲ್ಲಿ ಮಾನ್ವಿಯ ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು.

"ಎಷ್ಟು ಅಡ್ಡಾಡ್ತೀ? ಕುಂದ್ರು ಬಾ," ಎಂದು ಹುಲಿಗೆಮ್ಮ ಕಟ್ಟೆ ತಟ್ಟಿದಳು. ಕೂತೆ. ಆಮೇಲೆ ಶುರುವಾಯಿತು. ಯಾರ ಮಗಳು, ಅಪ್ಪ ಏನು ಮಾಡುತ್ತಾನೆ, ಎಷ್ಟು ಓದಿದ್ದೀ, ಒಬ್ಬಳೇ ಅಡುಗೆ ಮಾಡಿಕೊಳ್ಳುತ್ತೀಯಾ, ಒಬ್ಬಳಿಗೆ ಎಷ್ಟು ರೊಟ್ಟಿ ಬಡಿಯುತ್ತೀ. ನಾನು ಒಂದೊಂದೇ ಉತ್ತರ ಕೊಟ್ಟಂತೆ ಅವರು ಒಬ್ಬೊಬ್ಬರಾಗಿ ನನ್ನತ್ತ ಸರಿದು ಕೂತರು. ಮಾತಿಗೆ ಇಂಥ ಬೆಲೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಬರಬೇಕಾದದ್ದೂ ಬಂತು.

"ಮದುವಿ ಯಾಕ ಆಗಿಲ್ಲ? ವರ ಬಂದಿಲ್ಲೇನು?"

ಬಂದಿತ್ತು. ಸಿಂಧನೂರಿನ ವರ. ಮುಂದೆ ಓದಬೇಕು ಎಂದು ಮನೆಯಲ್ಲಿ ಹೇಳಿ ಬೇಡವೆಂದಿದ್ದೆ. ಅವ್ವ ಅದನ್ನು ನಂಬಿ, ನನ್ನ ವಿದ್ಯೆಯ ಆಸೆಯನ್ನು ಓಣಿಯಲ್ಲೆಲ್ಲ ಹೊಗಳಿಕೊಂಡು ಬಂದಿದ್ದಳು. ಈ ಊರಿನಲ್ಲಿ ನನ್ನನ್ನು ಬಲ್ಲವರು ಯಾರೂ ಇಲ್ಲ, ಇನ್ನೊಮ್ಮೆ ಇಲ್ಲಿಗೆ ಬರುವವಳೂ ಅಲ್ಲ. ಒಂದು ನಿಜ ಇಲ್ಲಿ ಬಿಟ್ಟುಹೋದರೆ ಯಾರಿಗೆ ತಿಳಿಯುತ್ತದೆ ಎಂದು ಯೋಚಿಸಿ ಹೇಳಿಯೇಬಿಟ್ಟೆ. "ನೋಡಾಕ ಬಂದಾಗ ಚಹಾನ ಕಪ್ಪಿನಿಂದ ಬಸ್ಯಾಗ ಸುರುವಿಕೊಂಡು ಸೊರ್ ಅಂತ ಕುಡದ್ರು. ಅದನ್ನ ದಿನಾ ಕೇಳಾಕ ನನ್ನಿಂದ ಆಗಾಂಗಿಲ್ಲ ಅನಿಸ್ತು."

ಕಟ್ಟೆಗೆ ಕಟ್ಟೆಯೇ ನಕ್ಕಿತು. ಹುಲಿಗೆಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಯವ್ವಾ! ನನ್ನ ಗಂಡ ಸೊರ್ ಅಂದ್ರ ಆಚಿ ಮನಿ ಎಮ್ಮಿ ತಿರುಗಿ ನೋಡ್ತದ. ನಾ ಯಾರಿಗೆ ಹೇಳ್ಲಿ?"

ನಗು ಇಳಿಯುವುದರೊಳಗೆ ಒಬ್ಬಳು ಕೇಳಿದಳು: "ಸೂಜಿ ಮಾಡಿಸ್ಕೊಂಡ್ರ ಜ್ವರ ಬರ್ತಾವಂತಲ್ಲ?"

ಇಲ್ಲ ಎಂದುಬಿಡಬೇಕಿತ್ತು. ಸಿಸ್ಟರ್ ಬಾಗಿಲಲ್ಲಿ ನಿಂತು ಹಾಗೇ ತಲೆಯಾಡಿಸುತ್ತಿದ್ದರು. "ಬರಬಹುದು," ಅಂದೆ. "ಎಲ್ಲರಿಗೂ ಅಲ್ಲ. ಬಂದ್ರ ಒಂದೆರಡು ದಿನ ಇರ್ತಾವ. ಕೈ ನೋಯ್ತದ." ಸಿಸ್ಟರ್ ಹಣೆ ಹಣೆ ಬಡಿದುಕೊಂಡರು. ಇಬ್ಬರು ಎದ್ದು ಸೀರೆ ಕೊಡವಿಕೊಂಡರು. ಆಗ ಹುಲಿಗೆಮ್ಮ ಅಂದಳು: "ಕುಂದರ್ರಿ. ಸೂಜಿ ಹಾಕಿಸ್ರಿ ಅಂತ ಮೈಕ್ ಹಿಡಕೊಂಡು ಬಂದಾವ ಏನೂ ಆಗಾಂಗಿಲ್ಲ ಅಂದ, ಮಾಡಿಸ್ಕೊಂಡ ನನ್ನ ಮೈದುನಗ ಎರಡು ದಿನ ಜ್ವರ ಬಂದ್ವು. ಅವತ್ತಿಂದ ಒಬ್ಬರೂ ಆ ಕಡಿ ಹಾಯ್ದಿಲ್ಲ. ಇಕಿ ಬರ್ತಾವ ಅಂತಾಳ. ಇಕಿ ಮಾತು ಕೇಳಬೌದು." ನನ್ನ ಕಡೆ ತಿರುಗಿದಳು. "ಜ್ವರ ಬರ್ತಾವಂತ ಗೊತ್ತಿದ್ದೂ ಇಷ್ಟು ದೂರ ಯಾಕ ಬಂದಿ?"

ಅಕ್ಕನ ಕೂಸಿನ ವಿಷಯ ಹೇಳಿದೆ. ಕಿಡಕಿಯ ವಿಷಯ ಹೇಳಿದೆ. ಮೂಗಿನ ಹೊಳ್ಳೆಯದನ್ನೂ ಹೇಳಿದೆ. ಈ ಸಲ ಯಾರೂ ನಗಲಿಲ್ಲ. "ಚಿಗವ್ವ ಆಗಿ ಕೂಸಿನ್ನ ಎತ್ಕೊಂಡಿಲ್ಲೇನು ಇನ್ನ?" ಎಂದು ಹುಲಿಗೆಮ್ಮ ಕಟ್ಟೆಯಿಂದ ಇಳಿದಳು. "ಏಳ್ರಿಬೇ. ಈ ಹುಡುಗಿ ಬಸ್ಸು ತಪ್ಪತದ."

ಮೊದಲ ಕುರ್ಚಿ ನನ್ನದು. ಕಿಡಕಿಯ ತುಂಬ ಮುಖಗಳು. ಸೂಜಿ ಎಂದರೆ ನನಗೆ ಕೈಕಾಲು ತಣ್ಣಗಾಗುತ್ತವೆ ಎಂಬ ಒಂದು ಸಂಗತಿಯನ್ನು ಮಾತ್ರ ಕಟ್ಟೆಯ ಮೇಲೆ ಹೇಳದೆ ಉಳಿಸಿಕೊಂಡಿದ್ದೆ. ನಾನು 'ಅಯ್ಯೋ' ಅಂದರೆ ಒಂಬತ್ತು ತೋಳುಗಳು ಮನೆಗೆ ಹೋಗುತ್ತವೆ. "ಕಣ್ಣು ಮುಚ್ಚಬ್ಯಾಡ, ನೋಡಾಕತ್ತೀವಿ," ಎಂದು ಹೊರಗಿನಿಂದ ಆಜ್ಞೆ ಬಂತು. ಗೋಡೆಯ ಮೇಲೆ ಅಂಟಿಸಿದ್ದ ಪೌಷ್ಟಿಕ ಆಹಾರದ ಚಿತ್ರದಲ್ಲಿ ನುಗ್ಗೆಸೊಪ್ಪನ್ನು ದಿಟ್ಟಿಸುತ್ತ ಕೂತೆ. ಮಾಸ್ಕಿನೊಳಗೆ ತುಟಿ ಕಚ್ಚಿದ್ದು ಯಾರಿಗೂ ಕಾಣಲಿಲ್ಲ. ಮುಂದಿನ ಸರದಿ ಹುಲಿಗೆಮ್ಮನದು. ಅಷ್ಟು ಧೈರ್ಯದವಳು ಸೂಜಿ ತಾಗುವ ಮೊದಲೇ "ಯಪ್ಪಾ, ಸತ್ತೆ!" ಎಂದು ಊರಿಗೆಲ್ಲ ಕೇಳುವಂತೆ ಒದರಿದಳು. ಉಳಿದವರು ನಗುತ್ತಲೇ ತೋಳು ಚಾಚಿದರು. ಅರ್ಧ ತಾಸು ಎಲ್ಲರೂ ಒಟ್ಟಿಗೆ ಕೂತೆವು. ಹೊರಡುವಾಗ ಹುಲಿಗೆಮ್ಮ ನನ್ನ ನಂಬರು ಬರೆಸಿಕೊಂಡಳು. "ನೀ ಹೆಂಗದೀ ಅಂತ ಕೇಳಬೇಕಲ್ಲ. ನಿನಗಾದದ್ದೇ ನಮಗೂ ಆಗೂದು."

ಮಾನ್ವಿ ಮುಟ್ಟುವಷ್ಟರಲ್ಲಿ ಮೈ ಬಿಸಿಯಾಗಿತ್ತು. ಬಾಗಿಲಲ್ಲೇ ಅವ್ವ ಹಣೆ ಮುಟ್ಟಿ ನೋಡಿದಳು. "ಜ್ವರ ಬಂದಾಕಿನ್ನ ಬಾಣಂತಿ ಕ್ವಾಣಿಗೆ ಹೆಂಗ ಬಿಡ್ಲಿ?" ಅಂದಳು. ಒಳಗೆ ಬಿಡಲಿ ಎಂದು ಹಾಕಿಸಿಕೊಂಡ ಲಸಿಕೆಯೇ ನನ್ನನ್ನು ಎರಡು ದಿನ ಪಡಸಾಲೆಯಲ್ಲಿ ಮಲಗಿಸಿತು. ಒಳಗೆ ಕೂಸು ಅಳುವುದನ್ನು ಕೇಳುತ್ತ, ಅಪ್ಪ ಚಹಾ ಕುಡಿಯುವುದನ್ನೂ ಕೇಳುತ್ತ ಬಿದ್ದುಕೊಂಡಿದ್ದೆ.

ಮೂರನೆಯ ದಿನ ಜ್ವರ ಬಿಟ್ಟ ಮೇಲೆ ಅವ್ವ ನನ್ನನ್ನು ಬಾಣಂತಿಯ ಕೋಣೆಗೆ ಕರೆದು ಕೂಸನ್ನು ನನ್ನ ಮಡಿಲಿಗೆ ಹಾಕಿದಳು. ಮೊಬೈಲಿನಲ್ಲಿ ಕಂಡದ್ದಕ್ಕಿಂತ ಭಾರವಾಗಿತ್ತು, ಬೆಚ್ಚಗಿತ್ತು, ಬಜೆಯ ವಾಸನೆ ಬರುತ್ತಿತ್ತು. ನನ್ನ ಕನ್ನಡಕವನ್ನು ಬಹಳ ಹೊತ್ತು ಪರೀಕ್ಷಿಸಿತು. ಆಮೇಲೆ ಒಂದು ಪ್ರಶ್ನೆಯನ್ನೂ ಕೇಳದೆ, ನೋಯುತ್ತಿದ್ದ ತೋಳಿನ ಮೇಲೆಯೇ ತಲೆಯಿಟ್ಟು ನಿದ್ದೆಹೋಯಿತು. ಮನೆಯಲ್ಲಿ ನನ್ನ ಸ್ವಭಾವದವರು ಇನ್ನೊಬ್ಬರು ಹುಟ್ಟಿದ್ದಾರೆಂದು ಸಮಾಧಾನವಾಯಿತು.

ಅಷ್ಟರಲ್ಲಿ ಪಡಸಾಲೆಯಲ್ಲಿ ಬಿಟ್ಟುಬಂದಿದ್ದ ನನ್ನ ಫೋನು ರಿಂಗಾಯಿತು. ಅವ್ವ ಎತ್ತಿದಳು.

"ಹಾಂ, ಅಕಿ ತಾಯಿ ರೀ. ಹುಲಿಗೆಮ್ಮಾರಾ? ಜ್ವರ ಬಿಟ್ಟಾವ್ರೀ. ನಿಮಗೂ ಬಿಟ್ಟಾವಾ? ಎಲ್ಲಾರೂ ಆರಾಮಾ? ಛಲೋ ಆತು... ಎತ್ಕೊಂಡಾಳ್ರೀ, ಈಗ ಎತ್ಕೊಂಡೇ ಕುಂತಾಳ." ಹೂಂ, ಹೂಂ ಎನ್ನುತ್ತ ಆ ಕಡೆಯ ಮಾತು ಕೇಳಿಸಿಕೊಂಡಳು. "ಏನು? ಚಹಾ? ಯಾವ ಚಹಾ?... ಯಾರು, ಸಿಂಧನೂರಾವ್ರಾ?... ಮುಂದ ಓದ್ತೀನಿ ಅಂದಿದ್ಲಲ್ರೀ ನಮಗ!"

ಮಂಚದ ಮೇಲೆ ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ಅಲುಗಾಡುತ್ತ ನಗುತ್ತಿದ್ದಳು. ಎದ್ದು ಹೋಗಿ ಫೋನು ಕಸಿದುಕೊಳ್ಳಬಹುದಿತ್ತು. ಕೂಸಿನ ಬಾಯಿ ತುಸುವೇ ತೆರೆದಿತ್ತು, ಬೆರಳುಗಳು ನನ್ನ ದುಪಟ್ಟಾದ ಅಂಚನ್ನು ಹಿಡಿದಿದ್ದವು. ನಾನು ಮಿಸುಕಾಡಲಿಲ್ಲ. ಪಡಸಾಲೆಯಲ್ಲಿ ಅವ್ವ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.