ಹಿಡಿದು ಬಿಟ್ಟ ಮೀನು

ಸಂಗನಬಸವನ ಫೋನಿನ ಮೈಕು ಕೆಡದೇ ಇದ್ದಿದ್ದರೆ ಈ ಫಜೀತಿಯೇ ಆಗುತ್ತಿರಲಿಲ್ಲ. ಅವನು ಗಂಟಲು ಹರಿಯುವಂತೆ ಕೂಗಿದರೆ ಮಾತ್ರ ಆ ಕಡೆಯವರಿಗೆ ಕೇಳುತ್ತಿತ್ತು. ಸೋಮವಾರ ಬೆಳಗ್ಗೆ, ಮಸ್ಕಿಯ ಬಜಾರು ಗಿಜಿಗಿಜಿ ಅನ್ನುವಾಗ, ತನ್ನ ಪೂಜಾ ಸಾಮಾನಿನ ಅಂಗಡಿಯಲ್ಲಿ ವಿಭೂತಿ ಗಟ್ಟಿಗಳ ನಡುವೆ ನಿಂತು ಅವನು ಕೂಗಿದ.

"ಮೀನ ಬಿಟ್ಟೀನ್ರೀ ಸರ. ಆಣಿ ಮಾಡಿ ಹೇಳ್ತೀನಿ, ಬಿಟ್ಟೀನಿ."

ಪಕ್ಕದ ಪಾತ್ರೆ ಅಂಗಡಿಯ ಅಂಬಪ್ಪನ ಕೈಯಿಂದ ಸ್ಟೀಲ್ ಬೋಗುಣಿಯೊಂದು ಜಾರಿ ಬಿತ್ತು. ಸಂಗನಬಸವನ ಮನೆಯಲ್ಲಿ ತತ್ತಿ ಎಂಬ ಶಬ್ದವನ್ನೂ ಯಾರೂ ಬಾಯಿಬಿಟ್ಟು ಅಂದವರಲ್ಲ. ಅಂಥ ಮನೆಯ ಮಗ ಮೀನು ಬಿಟ್ಟಿದ್ದಾನೆ ಎಂದರೆ ಇಷ್ಟು ದಿನ ತಿನ್ನುತ್ತಿದ್ದ ಅಂತ ತಾನೇ ಅರ್ಥ? ಅಂಬಪ್ಪ ಬಂಗಾರದ ಹಲ್ಲು ಮಿನುಗಿಸುತ್ತ, ಬೋಗುಣಿ ಎತ್ತಿಡುವುದನ್ನೂ ಬಿಟ್ಟು, ಎದುರಿನ ಚಹದಂಗಡಿಗೆ ಓಡಿದ.

ಸಂಗನಬಸವ ಪಾಪ, ಜನ್ಮದಲ್ಲಿ ಮೀನು ತಿಂದವನಲ್ಲ. ಹಿಡಿಯುತ್ತಿದ್ದ, ಅಷ್ಟೆ. ಈ ಚಟ ಹತ್ತಿಸಿದವನು ಹಟ್ಟಿ ಗಣಿಯಲ್ಲಿ ಕೆಲಸಕ್ಕಿದ್ದ ಗೆಳೆಯ ದಾನಿಷ್. ಎರೆಹುಳು ಚುಚ್ಚುವ ಹಾಗಿಲ್ಲ. ಗಾಳಕ್ಕೆ ಪುಕ್ಕ ಕಟ್ಟಿ, ಅದು ಹುಳದಂತೆ ನೀರಿನ ಮೇಲೆ ಕುಣಿಯುವಂತೆ ಬೀಸಬೇಕು. ಬಿದ್ದ ಮೀನನ್ನು ಅಳೆದು, ಫೋಟೋ ತೆಗೆದು, ಜೀವಂತ ನೀರಿಗೆ ಬಿಡಬೇಕು. ಹುಳವೂ ಸಾಯುವುದಿಲ್ಲ, ಮೀನೂ ಸಾಯುವುದಿಲ್ಲ ಎಂದಮೇಲೆ ಪಾಪವೆಲ್ಲಿ ಬಂತು ಎಂದು ಸಂಗನಬಸವ ತನಗೆ ತಾನೇ ಹೇಳಿಕೊಂಡ. ತಾಯಿ ಗುರುಲಿಂಗಮ್ಮನಿಗೆ ಮಾತ್ರ ಹೇಳಲಿಲ್ಲ. ಅಂಗಡಿಯ ನವಿಲುಗರಿ, ರುದ್ರಾಕ್ಷಿ ಪೋಣಿಸುವ ದಾರ ಎರಡೂ ಗಾಳಕ್ಕೆ ಹೋದವು. ರವಿವಾರ ನಸುಕಿನಲ್ಲಿ ಪೂಜೆಗೆ ಬಿಲ್ವಪತ್ರಿ ತರಲು ಹೋಗುತ್ತೇನೆಂದು ಹೊರಟು, ಡ್ಯಾಮಿನ ಹಿನ್ನೀರಿಗೆ ಹೋಗಿ ನಿಲ್ಲುತ್ತಿದ್ದ.

ನಿನ್ನೆ ಬಿದ್ದದ್ದು ತೋಳಿನುದ್ದದ ಕೊರಮೀನು. ಅಂಥದ್ದನ್ನು ಹಿಡಿದು ಬಿಟ್ಟವರಿಗೆ ದೂರದ ಊರಿನ ಗಾಳಗಾರರ ಸಂಘವೊಂದು ಮೀನಿನಾಕಾರದ ಹಿತ್ತಾಳೆ ಬಿಲ್ಲೆ ಕೊಡುತ್ತಿತ್ತು, ಬಿಲ್ಲೆಯ ಮೇಲೆ ಹಿಡಿದವನ ಹೆಸರು ಕೆತ್ತಿಸಿ. ಆ ಹೆಸರಿಗೇ ಸಂಗನಬಸವ ಜೀವ ಬಿಡುತ್ತಿದ್ದ. ನಲವತ್ತು ದಾಟಿದರೂ ಊರಿಗೆಲ್ಲ ಅವನು ಗುರುಲಿಂಗಮ್ಮನ ಮಗ. ಅಂಗಡಿಯ ಬೋರ್ಡಿನ ಮೇಲೆ ಅಪ್ಪನ ಹೆಸರು, ಕರೆಂಟ್ ಬಿಲ್ಲಿನ ಮೇಲೆ ಅಜ್ಜನ ಹೆಸರು. ಅವನದು ಅಂತ ಎಲ್ಲೂ ಒಂದು ಅಕ್ಷರ ಇರಲಿಲ್ಲ.

ಆದರೆ ಆ ಬೆಳಗಿನ ಫೋನಿನಲ್ಲಿ ಸಂಘದವನು ತಕರಾರು ತೆಗೆದಿದ್ದ. ಹಿಡಿದ ಫೋಟೋ ಚೆನ್ನಾಗಿದೆ, ಬಿಟ್ಟ ಫೋಟೋದಲ್ಲಿ ದಾನಿಷ್‌ನ ಹೆಬ್ಬೆರಳು ಬಿಟ್ಟು ಬೇರೇನೂ ಕಾಣುತ್ತಿಲ್ಲ. ದಾನಿಷ್ ಸಂಘದ ಸದಸ್ಯನಾದ್ದರಿಂದ ಅವನ ಮಾತು ನಡೆಯುವುದಿಲ್ಲ. ಕಣ್ಣಾರೆ ಕಂಡ ಬೇರೆ ಯಾರಾದರೂ ಸಂಜೆಯೊಳಗೆ ಫೋನಿನಲ್ಲಿ ಹೇಳಬೇಕು, ಇಲ್ಲದಿದ್ದರೆ ಬಿಲ್ಲೆ ಇಲ್ಲ.

ಕಂಡವಳು ಒಬ್ಬಳಿದ್ದಳು, ಹುಸೇನ್‌ಬೀ. ಸ್ವಲ್ಪ ದೂರದಲ್ಲಿ ಬಲೆ ಹಾಕಿ ಕೂತಿದ್ದವಳು, ಇವನು ಮೀನು ಬಿಟ್ಟದ್ದು ನೋಡಿ ಹಣೆ ಬಡಿದುಕೊಂಡಿದ್ದಳು. ಅವಳು ಕೂರುವುದು ಮೀನಿನ ಮಾರ್ಕೆಟ್ಟಿನಲ್ಲಿ. ಹಣೆತುಂಬ ವಿಭೂತಿ ಹಚ್ಚಿಕೊಂಡು ಅಲ್ಲಿಗೆ ಹೋಗುವುದು ಹೇಗೆ ಎಂದು ಅವನು ಯೋಚಿಸುತ್ತಿರುವಾಗಲೇ ಗುರುಲಿಂಗಮ್ಮ ಸೆರಗಿನಿಂದ ಕಣ್ಣೊರೆಸುತ್ತ ಅಂಗಡಿಗೆ ಬಂದಳು. ಸುದ್ದಿ ಚಹದಂಗಡಿಯಿಂದ ಹಿಟ್ಟಿನ ಗಿರಣಿ ಹಾಯ್ದು ಮನೆ ಮುಟ್ಟಿತ್ತು.

"ಆಗಿದ್ದು ಆಗಿ ಹೋತು. ಬಿಟ್ಟಿಯಲ್ಲಪ್ಪ, ನನಗ ಅಷ್ಟ ಸಾಕು" ಅಂದಳು.

"ಯವ್ವಾ, ನಾ ಮೀನ ತಿಂದೇ ಇಲ್ಲ."

"ತಿನ್ನದ ಬಿಡೂದು ಹೆಂಗ?"

ಸಂಗನಬಸವನಿಗೆ ಉತ್ತರ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಪತ್ರಿಯ ನೆಪ ಹೇಳಿ ಗಾಳ ಹಾಕುತ್ತಿದ್ದೆ ಎಂದರೆ ಮುದುಕಿ ಅಲ್ಲೇ ಕುಸಿಯುತ್ತಿದ್ದಳು. ಅವ್ವನನ್ನು ಗಲ್ಲೆಯ ಮೇಲೆ ಕೂರಿಸಿ, ಹಣೆಯ ವಿಭೂತಿ ಒರೆಸಿಕೊಂಡು ಮಾರ್ಕೆಟ್ಟಿಗೆ ನಡೆದ. ಹಿಂದೆಯೇ ಅಂಬಪ್ಪ. ಬಿಟ್ಟವನು ಅರ್ಧ ದಿನವೂ ತಡೆದುಕೊಳ್ಳಲಾರದೆ ಮತ್ತೆ ಹೊರಟನಲ್ಲ ಎಂದು ಅವನಿಗೆ ಹೇಳಲಾರದಷ್ಟು ಖುಷಿ. ಮೀನಿನ ಸಾಲು ಬಂದಕೂಡಲೇ ಅಂಬಪ್ಪ ಹೆಗಲ ಟಾವೆಲ್ಲನ್ನು ಮುಖಕ್ಕೆ ಬಿಗಿಯಾಗಿ ಸುತ್ತಿಕೊಂಡ. ಪಾಪ, ತನ್ನ ಹಾಗೇ ಮೀನು ಮುಟ್ಟದ ಮನೆಯವನು, ವಾಸನೆ ತಡೆಯದು ಅಂದುಕೊಂಡ ಸಂಗನಬಸವ.

ಸಂಘದವನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಹುಸೇನ್‌ಬೀ ಕೈಗೆ ಕೊಟ್ಟ. ಅವಳಿಗೆ ಮೈಕಿನ ಚಿಂತೆಯೇ ಇರಲಿಲ್ಲ. ಅವಳ ದನಿಗೆ ಫೋನೇ ಬೇಕಾಗಿರಲಿಲ್ಲ.

"ಹೌದ್ರೀ ಸಾಹೇಬ್ರ, ಬಿಟ್ಟಾನ. ಕೂಸಿನ್ಹಂಗ ಎತ್ಕೊಂಡು, ಬೆನ್ನು ನೇವರಿಸಿ ಬಿಟ್ಟಾನ. ನಾ ನನ್ನ ಕಣ್ಣಿಲೆ ನೋಡೀನಿ."

ಸಂಗನಬಸವ ಬಿಲ್ಲೆಯನ್ನು ಯಾವ ಅಂಗಿಗೆ ಚುಚ್ಚಿಕೊಳ್ಳುವುದು ಎಂದು ಆಗಲೇ ಯೋಚಿಸತೊಡಗಿದ. ಸಂಘದವನು, ಬಿಟ್ಟಮೇಲೆ ಮೀನು ಚೆನ್ನಾಗಿ ಈಜಿತೇ ಎಂದು ಕೇಳಿದ.

"ಭಾಳ ಚಂದ ಈಸ್ತು. ಈಸ್ಕೋಂತ ಸೀದಾ ನನ್ನ ಬಲಿಯಾಗ ಬಂತು."

ಈಗ ಆ ಮೀನು ಎಲ್ಲಿದೆ ಎಂದು ಸಂಘದವನು ಕೇಳಿದ.

"ನಿನ್ನೇನ ಮಾರೀನ್ರೀ. ಅಕಾ, ಟಾವೆಲ್ ಸುತ್ಕೊಂಡು ನಿಂತಾನಲ್ಲ, ಬಂಗಾರದ ಹಲ್ಲಿನ ಅಣ್ಣ, ಅಂವನ ಒಯ್ದಾನ. ಪ್ರತಿ ರವಿವಾರದ ಗಿರಾಕಿ."

ಬದುಕಿ ಉಳಿದ ಮೀನಿಗೆ ಮಾತ್ರ ಬಿಲ್ಲೆ, ಸಾರಾದದ್ದಕ್ಕಿಲ್ಲ ಎಂದು ಹೇಳಿ ಸಂಘದವನು ಫೋನಿಟ್ಟ. ಸಂಗನಬಸವ ತಿರುಗಿ ಅಂಬಪ್ಪನನ್ನು ನೋಡಿದ. ಊರಿಗೆಲ್ಲ ಹೇಳುತ್ತೇನೆ ನೋಡು ಎಂದು ಹಲ್ಲು ಕಡಿದ.

"ಹೇಳು" ಅಂದ ಅಂಬಪ್ಪ, ಟಾವೆಲ್ ಸಡಿಲಿಸುತ್ತ. "ಮೀನಿನ ಮಾರ್ಕೆಟ್ಟಿನ್ಯಾಗ ನಿನಗೇನು ಕೆಲಸಿತ್ತು ಅಂತ ಮೊದಲ ಕೇಳ್ತಾರ. ಅದಕ್ಕೇನ ಹೇಳ್ತಿ?" ಆಮೇಲೆ ದನಿ ತಗ್ಗಿಸಿ, "ಒಂದ ಮಾತು ಖರೇ ಹೇಳ್ತೀನಿ ಸಂಗಣ್ಣ. ಭಾಳ ಛಲೋ ಮೀನ ಬಿಟ್ಟಿದ್ದಿ" ಅಂದ.

ಸಂಜೆ ಅಂಗಡಿಯ ಮುಂದೆ ಜನ ಸೇರಿತ್ತು. ಮುಂದೆ ನಿಂತು ಎಲ್ಲ ಏರ್ಪಾಡು ಮಾಡಿದವನು ಅಂಬಪ್ಪನೇ. ಸಂಗನಬಸವನಿಗೆ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು, ಕೆಟ್ಟ ಚಟ ಬಿಡಬೇಕೆಂದರೆ ಈ ನಮ್ಮ ತಮ್ಮನನ್ನು ನೋಡಿ ಕಲಿಯಿರಿ ಎಂದು ಭಾಷಣ ಬಿಗಿದ. ಸಂಗನಬಸವ ಒಮ್ಮೆ ಬಾಯಿ ತೆರೆದ. ಎದುರಿಗೆ ಅವ್ವ ಕಣ್ತುಂಬಿಕೊಂಡು ನಗುತ್ತಿದ್ದಳು. ಅವನು ಬಾಯಿ ಮುಚ್ಚಿ ಎಲ್ಲರಿಗೂ ಕೈಮುಗಿದ.

ಜನ ಕರಗಿದ ಮೇಲೆ ಸಾಲಗುಂದದ ಕಡೆಯ ರೈತನೊಬ್ಬ ಊದುಬತ್ತಿ ಕೊಳ್ಳಲು ಬಂದ. ಬೋರ್ಡಿನ ಮೇಲಿನ ಅಪ್ಪನ ಹೆಸರು ಓದಿ, ತಪ್ಪಿ ಬಂದೆನೇನೋ ಎಂದು ಅನುಮಾನಿಸುತ್ತ ನಿಂತ.

"ಯಣ್ಣಾ, ಮೀನ ಬಿಟ್ಟ ಸಂಗಣ್ಣನ ಅಂಗಡಿ ಯಾವುದ್ರೀ?"

ಸಂಗನಬಸವ ಶಾಲು ಸರಿಪಡಿಸಿಕೊಂಡ.

"ಇದ ರೀ" ಅಂದ.