ಈರಕ್ಕನ ಗುಂಡಿ

ಆರಿಸುವ ಕೆಲಸಕ್ಕೂ ನನಗೂ ಆಗಿಬರುವುದಿಲ್ಲ. ಮಧುಗಿರಿ ಸಂತೆಯಿಂದ ನಾನು ಆರಿಸಿ ತಂದ ಬದನೆಕಾಯಿಯನ್ನು ಹೆಂಡತಿ ಹೆಚ್ಚುವ ಮೊದಲು ಒಂದು ಸಲ ನನ್ನ ಮುಖ ನೋಡುತ್ತಾಳೆ, ಹೆಚ್ಚಿದ ಮೇಲೆ ಇನ್ನೊಂದು ಸಲ ನೋಡುತ್ತಾಳೆ. ಎರಡನೆಯ ನೋಟಕ್ಕೆ ಕಾರಣ ಒಳಗಿನ ಹುಳ. ಇಂಥವನನ್ನು ನಮ್ಮ ಕಡಲೆಕಾಯಿ ಮಿಲ್ಲಿನ ಸಾಹುಕಾರರು ಕರೆದು, "ಹಳೇ ಪ್ಯಾನಲ್ಲು ಕಿತ್ತಾಕಿ ಪಿಎಲ್‌ಸಿ ಕೂರಿಸಾಣ. ಯಾವ್ಯಾವ ಮಾಡ್ಯೂಲು ಬೇಕೋ ನೀನೇ ಆರಿಸು" ಅಂದುಬಿಟ್ಟರು. ಮಿಲ್ಲಿನ ಎಲೆಕ್ಟ್ರಿಷಿಯನ್ನೂ ನಾನೇ, ಯಂತ್ರ ಶುರು ಮಾಡುವವನೂ ನಾನೇ ಆದ್ದರಿಂದ ಬೇರೆ ತಲೆ ಅವರಿಗೆ ಸಿಕ್ಕಿರಲಿಲ್ಲ.

ಪಿಎಲ್‌ಸಿ ಎಂದರೆ ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರು, ಹೆದರಬೇಡಿ. ಕೊಡಿಗೇನಹಳ್ಳಿಯ ನಮ್ಮಜ್ಜಿಯೂ ಒಂದು ಪಿಎಲ್‌ಸಿಯೇ. ಒಲೆ ಮುಂದೆ ಕೂತಲ್ಲಿಂದ ಏಳದೆ, ಕರು ಬಿಚ್ಚಿಕೊಂಡಿದ್ದು, ಹಾಲು ಉಕ್ಕಿದ್ದು, ಸೊಸೆ ಮುನಿಸಿಕೊಂಡಿದ್ದು ಎಲ್ಲ ತಿಳಿದುಕೊಂಡು, ಅವರವರಿಗೆ ತಕ್ಕ ಹುಕುಂ ಹೊರಡಿಸುತ್ತಿದ್ದಳು. ಸುದ್ದಿ ಒಳಕ್ಕೆ ತರುವುದು ಇನ್‌ಪುಟ್ ಮಾಡ್ಯೂಲು, ಹುಕುಂ ಹೊರಕ್ಕೆ ಒಯ್ಯುವುದು ಔಟ್‌ಪುಟ್ ಮಾಡ್ಯೂಲು. ಡಿಜಿಟಲ್ಲಿಗೆ ಗೊತ್ತಿರುವುದು ಹೌದು, ಅಲ್ಲ ಎರಡೇ. ನಮ್ಮ ಮಾವನವರ ಜಾತಿ. ಅನಲಾಗು ನನ್ನ ಹೆಂಡತಿಯಂತೆ, ಎಷ್ಟು ಬಿಸಿ, ಎಷ್ಟು ಕಮ್ಮಿ ಎಂದು ಅಳೆದು ಹೇಳುತ್ತದೆ. ಔಟ್‌ಪುಟ್ಟಿನಲ್ಲಿ ರಿಲೇ ಎಂದರೆ ಎತ್ತು: ನಿಧಾನ, ಟಕ್ ಅನ್ನುತ್ತದೆ, ಆದರೆ ಹೊರೆ ತಡೆಯುತ್ತದೆ. ಟ್ರಾನ್ಸಿಸ್ಟರು ರೇಸಿನ ಕುದುರೆ. ವೇಗ ಇದೆ, ಹೊರೆ ಹೇರಿದರೆ ಮಲಗುತ್ತದೆ. ಅಳೆಯುವ ಬಾಬತ್ತು ನಮ್ಮಲ್ಲಿಲ್ಲ, ಅವಸರವೂ ಇಲ್ಲ. ಡಿಜಿಟಲ್ ಇನ್‌ಪುಟ್ಟು, ರಿಲೇ ಔಟ್‌ಪುಟ್ಟು ಎಂದು ನಾನು ತೀರ್ಮಾನಿಸಿದಾಗ, ಕಂಪನಿಯಿಂದ ಬಂದಿದ್ದ ಇಂಜಿನಿಯರು "ಕರೆಕ್ಟ್ ಸೆಲೆಕ್ಷನ್ ಸಾರ್" ಅಂದರು. ಬದನೆಕಾಯಿಯ ಅವಮಾನ ಅರ್ಧ ತೊಳೆದುಹೋಯಿತು.

ತೊಡಕು ಬಂದದ್ದು ಈರಕ್ಕನಿಂದ. ನಮ್ಮಲ್ಲಿ ಸಿಪ್ಪೆ ಸುಲಿದ ಬೀಜ ಉದ್ದನೆಯ ಬೆಲ್ಟಿನ ಮೇಲೆ ಬರುತ್ತದೆ; ಎರಡೂ ಕಡೆ ಹೆಂಗಸರು ಕೂತು ಕಲ್ಲು, ಕೊಳಕು ಆರಿಸುತ್ತಾರೆ. ನಿಂತ ಬೆಲ್ಟನ್ನು ಮತ್ತೆ ಬಿಡುವ ಮೊದಲು ನಾನು ಈ ತುದಿಯಿಂದ "ಈರಕ್ಕಾ, ಕೈ!" ಎಂದು ಕೂಗಬೇಕು. ಆ ತುದಿಯಲ್ಲಿ ಕೂತ ಈರಕ್ಕ ಸಾಲು ಪೂರ್ತಿ ಕಣ್ಣಾಡಿಸಿ, "ಲೇ ಅನಸೂಯಾ, ಬಳೆ ಕೈ ತಗಿಯೇ ಅತ್ಲಾಗೆ" ಎಂದು ಯಾರನ್ನಾದರೂ ಗದರಿ, ಆಮೇಲೆ "ಹಾಕಪ್ಪಾ!" ಅನ್ನಬೇಕು. ಆಗ ಮಾತ್ರ ಸ್ವಿಚ್ಚು. ಮಿಲ್ಲು ಶುರುವಾದಂದಿನಿಂದ ಇದೇ ಪದ್ಧತಿ. ಒಂದು ಬೆರಳೂ ಹೋಗಿರಲಿಲ್ಲ. ಈರಕ್ಕನ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿ ಬೀಜ ಆರಿಸುವುದು ನಿಂತು ಎಷ್ಟೋ ಕಾಲವಾಗಿತ್ತು. ಕಣ್ಣು ಮಾತ್ರ ಹದ್ದಿನದು. ಆ "ಹಾಕಪ್ಪಾ" ಒಂದೇ ಅವಳ ಕೂಲಿ ಉಳಿಸಿತ್ತು.

"ತುದೀಲಿ ಒಂದು ಸೆನ್ಸರ್ ಹಾಕಿದ್ರೆ ಆಯ್ತು ಸಾರ್, ಕೈ ಇದ್ರೆ ಅದೇ ಹೇಳುತ್ತೆ" ಎಂದರು ಇಂಜಿನಿಯರು. ಸಾಹುಕಾರರು ತಲೆದೂಗಿ, "ಅಂಗಾದ್ರೆ ಆ ಯಮ್ಮನ್ನ ಮನೇಗೆ ಕಳಿಸಬೌದು" ಅಂದರು. ಕಡಲೆ ಧೂಳಿಗೆ ಸೆನ್ಸರಿನ ಕಣ್ಣು ಮುಚ್ಚಿಹೋಗುತ್ತದೆ ಎಂದೆ, ಸೆನ್ಸರು ಇದ್ದರೂ ಮನುಷ್ಯರ ಒಪ್ಪಿಗೆ ಬೇಕು ಎಂದೆ, ಆ ತುದಿಯಲ್ಲಿ ಈರಕ್ಕ ಒತ್ತುವ ಗುಂಡಿಯೊಂದು ಇರಲೇಬೇಕು ಎಂದು ಹಟ ಹಿಡಿದೆ. ಆರಿಸಿದ್ದ ಇನ್‌ಪುಟ್ ಮಾಡ್ಯೂಲು ಅಷ್ಟರಲ್ಲಿ ಭರ್ತಿಯಾಗಿತ್ತು. ಒಂದು ಗುಂಡಿಗಾಗಿ ಇನ್ನೊಂದು ಮಾಡ್ಯೂಲು ಬೇಕಾಯಿತು. "ಊಟಕ್ಕೆ ಕೂರಿಸೋವಾಗ ಒಂದೆಲೆ ಹೆಚ್ಚಿಗೆ ಹಾಕಲ್ವೇ ಸಾಹುಕಾರ್ರೇ, ಮುಂದಕ್ಕೂ ಬರ್ತದೆ" ಎಂದು ಅಜ್ಜಿಯ ಮಾತಿನಿಂದ ಅವರನ್ನು ಒಪ್ಪಿಸಿದೆ. ಬೆರಳಿನ ಹಂಗಿಲ್ಲದೆ ಅಂಗೈಯಿಂದ ಊರಬಹುದಾದ ದೊಡ್ಡ ಹಸಿರು ಗುಂಡಿ ತರಿಸಿದೆ. ಔಟ್‌ಪುಟ್ಟಿನಲ್ಲಿ ಒಂದು ಜಾಗ ಉಳಿದಿತ್ತು. ನನ್ನ ಗಂಟಲಿಗೂ ಬಿಡುವಾಗಲಿ ಎಂದು ಅದಕ್ಕೆ ಸೈರನ್ ಸೇರಿಸಿದೆ.

ಹೊಸ ಯಂತ್ರ ಸೊಗಸಾಗಿ ನಡೆಯಿತು. ನಾನು ಗಾಜಿನ ಕೋಣೆಯಲ್ಲಿ ಪರದೆ ನೋಡುತ್ತಾ ಕೂತೆ. ಸೈರನ್ ಊಳಿಡುತ್ತಿತ್ತು, ಈರಕ್ಕ ಅಂಗೈ ಊರುತ್ತಿದ್ದಳು, ಪರದೆಯಲ್ಲಿ ಹಸಿರು ಚುಕ್ಕೆ ಹೊತ್ತುತ್ತಿತ್ತು. ಆ ಚುಕ್ಕೆ ಕಂಡಾಗಲೆಲ್ಲ, ಒಂದು ಜೀವವನ್ನು ಕೆಲಸದಲ್ಲಿ ಉಳಿಸಿದೆನಲ್ಲ ಎಂದು ನಾನೇ ನನ್ನ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ವಾರ ಕಳೆದಿತ್ತೇನೋ, ಈರಕ್ಕ ಊಟದ ಡಬ್ಬಿಯ ಚೀಲ ಹಿಡಿದು ಗಾಜಿನ ಬಾಗಿಲಿಗೆ ಬಂದು ನಿಂತಳು. ಬರಗೂರಿಗೆ, ಮಗಳ ಮನೆಗೆ ಹೊರಟೆ ಅಂದಳು.

"ಯಾಕಕ್ಕಾ, ಗುಂಡಿ ಗಟ್ಟಿ ಐತಾ?"

"ಗುಂಡಿ ಬೆಣ್ಣೆ ಇದ್ದಂಗೈತೆ. ನಿನ್ ಗಂಟ್ಲಿಗೇನಾಯ್ತಪ್ಪ?"

"ಏನೂ ಆಗಿಲ್ಲ. ಈಗ ಸೈರನ್ನು ಕೂಗ್ತದಲ್ಲ."

"ಕೂಗ್ತದೆ. ಯಾರ್ನ ಕೂಗ್ತದೆ? ಗಂಡ ಇದ್ದಾಗ ಲೇ ಅಂತಿದ್ದ, ಮಗಳು ಅವ್ವಾ ಅಂತಾಳೆ, ಮೊಮ್ಮಕ್ಳು ಅಜ್ಜಿ ಅಂತವೆ. ಈರಕ್ಕ ಅಂತ ಕೂಗ್ತಿದ್ದೋನು ನೀನೊಬ್ನೇಯ. ಅದ್ನ ಕೇಳ್ಕಂಡು ಹಾಕಪ್ಪಾ ಅನ್ನಕ್ಕೆ ದಿನಾ ಬತ್ತಿದ್ದೆ. ಇವಾಗ ಆ ನಾಯಿ ಊಳಿಡ್ತದೆ, ನಾನು ಒತ್ತೀನಿ. ಅದಕ್ಯಾಕೆ ನಾನು ಬೇಕು?"

"ನಾಳೆಯಿಂದ ನಾನೇ ಕೂಗ್ತೀನಿ ಬಾರಕ್ಕಾ."

"ಹೇಳಿ ಕೂಗಿಸ್ಕಂಡ್ರೆ ಅದೇನು ಕೂಗು ಬುಡು" ಎಂದು ನಕ್ಕಳು. ಕೂಗಿದರೆ ಓಗೊಡುವ ಜೀವ ಒಂದಿದ್ದರೆ ಪಾಳು ಮನೆಯೂ ಮನೆಯೇ ಅನ್ನುತ್ತಿದ್ದಳು ಅಜ್ಜಿ. ಒಂದೆಲೆ ಹೆಚ್ಚಿಗೆ ಹಾಕುವ ಅವಳ ಮಾತು ನನಗೆ ಸಮಯಕ್ಕೆ ನೆನಪಾಗಿತ್ತು. ಈ ಮಾತು ಈರಕ್ಕ ಗೇಟು ದಾಟಿ, ಸಿರಾ ಬಸ್ಸಿನ ಕಡೆಗೆ ಹೋದ ಮೇಲೆ ನೆನಪಾಯಿತು.

ಈಗ ಆ ಗುಂಡಿ ಒತ್ತದೆ ಬೆಲ್ಟು ಹೊರಡುವುದಿಲ್ಲ. ಹಾಗೆಂದು ಯಂತ್ರಕ್ಕೆ ಕಲಿಸಿದವನು ನಾನೇ. ಪ್ರೋಗ್ರಾಮಿನಲ್ಲಿ ಒಂದು ಸಾಲು ತೆಗೆದರೆ ಸಾಕು ಎಂದು ಇಂಜಿನಿಯರು ಫೋನು ಮಾಡಿದಾಗಲೆಲ್ಲ ಹೇಳುತ್ತಾರೆ. ತೆಗೆಸೋಣ, ತೆಗೆಸೋಣ ಎನ್ನುತ್ತಲೇ ಇದ್ದೇನೆ. ಸೈರನ್ನಿನ ತಂತಿಯನ್ನು ಮಾತ್ರ ಬಿಚ್ಚಿದ್ದೇನೆ. ಬೆಲ್ಟು ನಿಂತಾಗಲೆಲ್ಲ ಗಾಜಿನ ಕೋಣೆಯಿಂದ ಎದ್ದು, ಶೆಡ್ಡಿನ ಉದ್ದಕ್ಕೂ ನಡೆದು, ಆ ಖಾಲಿ ಸ್ಟೂಲಿನ ಪಕ್ಕ ನಿಂತು, ಅಭ್ಯಾಸಬಲದಿಂದ "ಈರಕ್ಕಾ, ಕೈ!" ಅಂದುಬಿಡುತ್ತೇನೆ. ಹೆಂಗಸರು ಸುಮ್ಮನೆ ಕೈ ತೆಗೆಯುತ್ತಾರೆ. ಪಾವಗಡ ಕಡೆಯ, ತೆಲುಗು ಬೆರೆಸಿ ಮಾತಾಡುವ ಅನಸೂಯ ಮಾತ್ರ ಸುಮ್ಮನಿರುವವಳಲ್ಲ. "ಏಂ ಸಾರ್, ಕೂಗೋರೂ ನೀವೇ ಒತ್ತೋರೂ ನೀವೇ ಆದ್ರೆ ಆ ಪೆಟ್ಟಿಗೆ ಎಂದುಕು?" ಅನ್ನುತ್ತಾಳೆ.

ಆರಿಸಿದವನು ನಾನು, ಉತ್ತರ ಕೊಡಬೇಕಾದವನೂ ನಾನೇ. "ಹಾಕಪ್ಪಾ" ಅನ್ನಬೇಕಾದವಳು ಬರಗೂರಿನಲ್ಲಿದ್ದಾಳೆ. ಅಂಗೈ ಊರುತ್ತೇನೆ. ಬೆಲ್ಟು ಹೊರಡುತ್ತದೆ. ಅದಕ್ಕೇನು, ಯಾರ ಅಂಗೈ ಆದರೂ ಒಂದೇ.